ಮೂರನೇ ಮೊಳೆ

ನಿಂಗರಾಜುವಿನ ಎರಡು ಕಾಲು ಮಾತ್ರ ಹೊರಗಿದ್ದವು. ಉಳಿದದ್ದೆಲ್ಲ ಪಿಕಪ್ಪಿನ ಅಡಿಯಲ್ಲಿತ್ತು.

ಕಿರಂಗೂರಿನ ಅವನ ಮನೆಯ ಹಿತ್ತಿಲು. ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ. ತಗಡಿನ ಶೆಡ್ಡಿನೊಳಗೆ ಮೂವತ್ತು ವರ್ಷ ಹಳೆಯ ಗಾಡಿ ಹೊಸ ನೀಲಿ ಬಣ್ಣ ಬಳಿಸಿಕೊಂಡು ಮಿಂಚುತ್ತಿತ್ತು. ಬಲಗಡೆ ಮುಂದಿನ ಚಕ್ರ ಒಂದು ಇರಲಿಲ್ಲ. ಚಕ್ರದ ಹಿಂದಿರುವ ಕಬ್ಬಿಣದ ಡ್ರಮ್ಮು ಅವನ ಎದೆಯ ಮೇಲೆ ಕೂತಿತ್ತು.

ನಾನು ಮಂಚಯ್ಯ. ಠಾಣೆಯ ಜೀಪು ಡ್ರೈವರ್. ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಬೇಕಾದಷ್ಟು ಹೆಣ ನೋಡಿದ್ದೇನೆ. ಆದರೆ ಕೈಯಲ್ಲಿ ಸ್ಪ್ಯಾನರ್ ಹಿಡಿದು ಸತ್ತವನನ್ನು ನೋಡುವುದು ನನ್ನಿಂದಾಗದು. ನಾನೂ ಅದೇ ಗ್ರೀಸಿನಲ್ಲಿ ಬೆಳೆದವನು.

ನಮ್ಮ ಸಬ್ ಇನ್‌ಸ್ಪೆಕ್ಟರ್ ನಾಗಾರ್ಜುನ ಚಿಕ್ಕ ವಯಸ್ಸಿನವರು. ಚುರುಕು ಜಾಸ್ತಿ, ಅವಸರ ಇನ್ನೂ ಜಾಸ್ತಿ. ಗಾಡಿಗೆ ಒಂದು ಸುತ್ತು ಹಾಕಿ ತೀರ್ಪು ಕೊಟ್ಟೇಬಿಟ್ಟರು.

"ಜಾಕ್ ಜಾರಿದೆ. ಆಕ್ಸಿಡೆಂಟು. ಬರ್ಕೊಳ್ಳಿ."

ಬಾಯಿ ಮುಚ್ಚಿಕೊಂಡಿರುವ ಗುಣ ನಮ್ಮ ವಂಶದಲ್ಲೇ ಇಲ್ಲ.

"ಜಾರಿಲ್ಲ ಸಾರ್. ಬಗ್ಗಿ ನೋಡಿ. ಜಾರಿದ್ರೆ ಜಾಕು ಉಳ್ಳಾಡ್ಕಂಡು ಬಿದ್ದಿರದು. ಇದು ನೆಟ್ಟಗೆ ನಿಂತದೆ. ಪೂರ್ತಿ ಇಳಿದದೆ. ಬುಡದಾಗೆ ಒಂದು ತಿರುಪು ಅದೆ, ಅದನ್ನ ಸಡ್ಲ ಮಾಡಿದ್ರೆ ಮಾತ್ರ ಇಳಿಯದು."

"ಯಾರು ಸಡ್ಲ ಮಾಡಿದ್ರು?"

"ಅಡಿಗೆ ಮನಗಿರೋನಂತೂ ಅಲ್ಲ."

ನಾಗಾರ್ಜುನರ ಮುಖದ ಅವಸರ ಇಳಿಯಿತು. ನನಗೋ, ಜಂಬ ಏರಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ.

"ಇನ್ನೊಂದು ಸಾರ್. ಅವನ ಕೈ ಪಕ್ಕ ಸಣ್ಣ ಪೈಪು, ಬಾಟ್ಲು ಅದೆ. ಬ್ರೇಕ್ ಆಯಿಲ್‌ನಾಗೆ ಸೇರ್ಕಂಡಿರೋ ಗಾಳಿ ತೆಗೀತಿದ್ದ. ಅದು ಇಬ್ಬರ ಕೆಲ್ಸ. ಒಬ್ಬ ಮ್ಯಾಲೆ ಕುಂತು ಪೆಡಲ್ ಒತ್ತಿ ಹಿಡೀಬೇಕು. ಇನ್ನೊಬ್ಬ ಅಡಿಗೆ ಮನಗಿ ಗಾಳಿ ಬುಡಬೇಕು. ಇವತ್ತು ಆ ಸೀಟಿನ ಮ್ಯಾಲೆ ಯಾರೋ ಕುಂತಿದ್ರು."

ನಾಗಾರ್ಜುನ ಸತ್ತವನ ತಾಯಿಯ ಕಡೆ ತಿರುಗಿದರು. ದ್ಯಾವಮ್ಮ. ದನದ ಹಟ್ಟಿಯ ಕಂಬಕ್ಕೆ ಒರಗಿ ಕೂತಿದ್ದಳು. ಕಣ್ಣಲ್ಲಿ ನೀರಿರಲಿಲ್ಲ.

"ಪೆಡಲ್ ಯಾರಮ್ಮ ಒತ್ತುತ್ತಿದ್ದಿದ್ದು?"

"ನನ್ ಸೊಸೆ ಕನ್ ಸಾ. ಸ್ವೇತ. ಮೂರು ವರ್ಸದಿಂದ ಅವಳೇ ಒತ್ತದು."

ನನ್ನ ಜಂಬ ಅಲ್ಲೇ ಇಂಗಿಹೋಯಿತು.

* * *

ಬೀದಿಯಲ್ಲಿ ಕೇಳಿದರೆ ಎಲ್ಲರದೂ ಒಂದೇ ಮಾತು. ಬೆಳಿಗ್ಗೆ ಒಂಬತ್ತಕ್ಕೆ ಗಂಡ ಹೆಂಡತಿ ಜಗಳ. "ಆ ಗಾಡಿ ಅಡಿಗೇ ಬಿದ್ದು ಸಾಯಿ" ಎಂದು ಶ್ವೇತ ಬೀದಿಗೆಲ್ಲ ಕೇಳುವಂತೆ ಕೂಗಿ, ಬ್ಯಾಗು ಹಿಡಿದು ಹೊರಟುಹೋಗಿದ್ದಳು. ಹೋದವಳು ಹಿತ್ತಿಲ ಬಾಗಿಲಿಂದ ವಾಪಸ್ಸು ಬಂದಿರಬೇಕು ಎಂದು ಬೀದಿಯವರೇ ಕಥೆ ಪೂರ್ತಿ ಮಾಡಿಕೊಟ್ಟರು. ಇಂಥ ಕೆಲಸಕ್ಕೆ ನಮ್ಮ ಜನಕ್ಕೆ ಯಾರೂ ಸಂಬಳ ಕೊಡಬೇಕಿಲ್ಲ.

ಸತ್ತವನ ಅಣ್ಣ ಶಿವಶಂಕರ ಗದ್ದೆಯಿಂದ ಓಡಿಬಂದಿದ್ದ. ಪಕ್ಕದ ಮನೆಯಲ್ಲೇ ಸಂಸಾರ. ತಲೆ ಚಚ್ಚಿಕೊಂಡು ಅಳುತ್ತಿದ್ದ.

"ಗಾಡಿ ನಿಮ್ಮ ಹೆಸರಲ್ಲಿದೆಯಲ್ಲ?" ನಾಗಾರ್ಜುನ ಕೇಳಿದರು.

"ನಮ್ಮಪ್ಪ ನಂಜಪ್ಪಂದು ಸಾ. ಅವರು ಸತ್ತ ಮ್ಯಾಲೆ ನನ್ ಎಸ್ರಿಗೆ ಬಂತು. ಗುಜರಿಗೆ ಆಕುವ ಅಂದೆ. ಇವನು ಬುಡ್ನಿಲ್ಲ, ರಿಪೇರಿ ಮಾಡ್ತೀನಿ ಅಂದ. ಮಾಡ್ಕೊಳ್ಲಾ ಅಂತ ಬುಟ್ಬುಟ್ಟೆ. ಅಪ್ಪ ಸತ್ತ ಮ್ಯಾಲೆ ನಾನು ಆ ಗಾಡಿ ಮುಟ್ಟೂ ಇಲ್ಲ, ಆ ಸೆಡ್ಡಿಗೆ ಕಾಲೂ ಇಕ್ಕಿಲ್ಲ."

ನಾನು ಶೆಡ್ಡು ನೋಡುತ್ತಾ ನಿಂತೆ. ಎಂಥ ಕೆಲಸ! ಮಡ್‌ಗಾರ್ಡಿನ ತೂತಿಗೆ ಎಣ್ಣೆ ಡಬ್ಬದ ತಗಡು ಕತ್ತರಿಸಿ ಬೆಸೆದಿದ್ದ. ದೀಪಗಳು ಯಾವುದೋ ಹಳೆ ಸ್ಕೂಲ್ ವ್ಯಾನಿನವು. ಸೀಟಿನ ರೆಕ್ಸಿನ್ ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದದ್ದು. ಚಾಸಿಗೆ ಆಸರೆ ಕೊಡುತ್ತಿದ್ದ ಸೈಜುಗಲ್ಲುಗಳು ಒಂದು ಮೂಲೆಯಲ್ಲಿ ಜೋಡಿಸಿದ್ದವು. ಗೋಡೆಗೆ ಸಾಲಾಗಿ ಮೊಳೆ. ಒಂದೊಂದು ಮೊಳೆಗೂ ಒಂದೊಂದು ಸಾಮಾನು. ಸಾಮಾನಿನ ಹಿಂದೆ ಅದರದೇ ಆಕಾರ ಬಿಳಿ ಬಣ್ಣದಲ್ಲಿ ಬರೆದಿತ್ತು, ಯಾವುದು ಇಲ್ಲ ಅಂತ ಒಂದೇ ನೋಟಕ್ಕೆ ಗೊತ್ತಾಗಲಿ ಎಂದು.

ಮೂರನೇ ಮೊಳೆ ಖಾಲಿ ಇತ್ತು. ಬಿಳಿ ಬಣ್ಣದ ಉದ್ದನೆ ಗೆರೆ. ಜಾಕಿನ ರಾಡು. ತಿರುಪು ಸಡಿಲ ಮಾಡುವುದೂ ಅದರ ತುದಿಯಿಂದಲೇ.

ಹಿತ್ತಿಲು, ತಿಪ್ಪೆ, ಬಾವಿ ಎಲ್ಲ ಜಾಲಾಡಿದೆವು. ಸಿಗಲಿಲ್ಲ.

"ನಾಲೆಗೆ ಎಸೆದಿದ್ದಾಳೆ" ಎಂದರು ನಾಗಾರ್ಜುನ.

* * *

ಶ್ವೇತ ಎರಡು ಗಂಟೆಗೆ ಬಸ್ಸಿಳಿದಳು. ಮನೆ ಮುಂದಿನ ಜನ ನೋಡಿ ಓಡಿಬಂದಳು. ಹೆಣ ಆಗಲೇ ಆಸ್ಪತ್ರೆಗೆ ಹೋಗಿತ್ತು. ಗಂಡನ ಮುಖ ತೋರಿಸುವವರು ಯಾರೂ ಇರಲಿಲ್ಲ. ಅತ್ತೆ ಬಾಗಿಲು ಹಾಕಿಕೊಂಡಳು. ನಾವು ಅವಳನ್ನು ಜೀಪಿಗೆ ಹತ್ತಿಸಿದೆವು. ಜೀಪು ಓಡಿಸಿದವನು ನಾನೇ.

"ಯಾಕಮ್ಮ ಜಗಳ?" ಠಾಣೆಯಲ್ಲಿ ನಾಗಾರ್ಜುನ ಕೇಳಿದರು.

"ನಮ್ಮಪ್ಪಂಗೆ ಉಸಾರಿಲ್ಲ ಸಾ. ಕೆ.ಆರ್. ಪೇಟೆಗೆ ಓಗಿ ನೋಡ್ಕಂಡು ಬರವ ಅಂದೆ. ಬ್ರೇಕ್ ಒಂದು ಆಗ್ಲಿ, ನಮ್ ಗಾಡೀಲೇ ಕರ್ಕಂಡೋಯ್ತೀನಿ ಅಂದ್ರು. ಮೂರು ವರ್ಸದಿಂದ ಇದೇ ಮಾತು. ಸಿಟ್ಟು ನೆತ್ತಿಗೇರ್ತು."

"ಕೆ.ಆರ್. ಪೇಟೆಗೆ ಹೋದ್ಯಾ?"

"ಇಲ್ಲ. ತವರಿಗೆ ಅತ್ಕಂಡು ಓಗಕ್ಕೆ ನಾಚ್ಕೆ ಆಯ್ತು. ತೊಣ್ಣೂರು ಕೆರೆ ಏರಿ ಮ್ಯಾಲೆ ಕುಂತಿದ್ದೆ."

"ಯಾರು ನೋಡಿದ್ರು?"

"ಯಾರೂ ಇರ್ನಿಲ್ಲ."

"ಬಸ್ ಟಿಕೆಟ್?"

"ಫ್ರೀ ಟಿಕೆಟ್ ಯಾರ್ ಮಡಿಕತ್ತಾರೆ ಸಾ? ಬಿಸಾಕ್ದೆ."

ನಾಗಾರ್ಜುನ ಪೆನ್ನು ಮುಚ್ಚಿದರು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಕೋರ್ಟು. ಅಲ್ಲಿಂದ ಜೈಲು ಎಂದರು. ಗಂಡನ ಮಣ್ಣಿಗೂ ಅವಳು ಇರುವುದಿಲ್ಲ. ಅವಳು ಅದನ್ನು ಕೇಳಿಸಿಕೊಂಡು, "ನಾನು ಆ ಮಾತು ಅಂದಿದ್ದು ನಿಜ ಸಾ, ಆದ್ರೆ ಒತ್ತಕ್ಕೆ ನಾನಿರ್ನಿಲ್ಲ" ಎಂದಷ್ಟೇ ಹೇಳಿದಳು.

ಇನ್ನೊಂದು ಹೆಸರು ಬಂದಿತ್ತು. ಪಾಂಡವಪುರದ ಗುಜರಿ ಕರಿಯಪ್ಪ. ಕೊಟ್ಟ ಗೇರ್ ಬಾಕ್ಸ್ ಸರಿಯಿಲ್ಲವೆಂದು ನಿಂಗರಾಜು ಅವನ ಕಾಲರ್ ಹಿಡಿದಿದ್ದನಂತೆ. ನಾನು ಆಸೆಯಿಂದ ಫೋನು ಹಚ್ಚಿದೆ. ಕರಿಯಪ್ಪ ಬೆಳಿಗ್ಗೆಯಿಂದ ನಾಗಮಂಗಲದಲ್ಲಿ ತಂಗಿಯ ಮಗಳ ಮದುವೆಯಲ್ಲಿದ್ದ. ಮದುವೆಯ ವೀಡಿಯೋದಲ್ಲಿ ಊಟ ಬಡಿಸುತ್ತಾ ನಿಂತಿದ್ದ, ಮುನ್ನೂರು ಜನ ಸಾಕ್ಷಿ. ಹಾಳಾಗಿ ಹೋಗಲಿ.

* * *

ಸಂಜೆ ಗಾಡಿಯನ್ನು ಠಾಣೆಗೆ ತರಬೇಕಿತ್ತು. ಜೀಪಿನ ಜಾಕು ಕೊಟ್ಟು ನಾನೇ ಚಕ್ರ ಹಾಕಿದೆ. ಸೆಲ್ಫ್ ಹೊಡೆದೆ. ಒಂದೇ ಸಲಕ್ಕೆ ಸ್ಟಾರ್ಟು. ಪಾಪಿ, ಎಂಥ ಕೈ ಅವನದು!

ಬ್ರೇಕ್ ಕೆಲಸ ಅರ್ಧಕ್ಕೇ ನಿಂತಿದೆ, ಪೆಡಲ್ ಬುಸ್ ಅನ್ನುತ್ತದೆ ಎಂದುಕೊಂಡು ಒತ್ತಿದೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಒಂದು ಚೂರೂ ಗಾಳಿಯಿಲ್ಲ. ಇಳಿದು ನೋಡಿದೆ. ಗಾಳಿ ಬಿಡುವ ನಾಲ್ಕೂ ನಿಪ್ಪಲ್ ಬಿಗಿಯಾಗಿದ್ದವು. ಗಾಳಿ ತೆಗೆಯುವುದು ದೂರದ ಚಕ್ರದಿಂದ ಶುರು, ಡ್ರೈವರ್ ಕಡೆ ಮುಂದಿನ ಚಕ್ರಕ್ಕೆ ಕೊನೆ. ಅವನು ಸತ್ತಿದ್ದು ಆ ಕೊನೆಯ ಚಕ್ರದ ಅಡಿಯಲ್ಲಿ.

ಅಂದರೆ ಕೆಲಸ ಮುಗಿದಿತ್ತು. ಚಕ್ರ ತಿರುಗಿ ಹಾಕಲು ಆಸರೆಯ ಕಲ್ಲು ತೆಗೆದಾಗಿತ್ತು. ಸ್ಪ್ಯಾನರು, ಪೈಪು, ಬಾಟ್ಲು ಎತ್ತಿಕೊಳ್ಳಲು ಕೊನೆಯ ಸಲ ಒಳಗೆ ತೂರಿದ್ದ. ಕೊಂದವರು ಅಲ್ಲಿಯವರೆಗೂ ಪೆಡಲ್ ಒತ್ತುತ್ತಾ ಕಾದಿದ್ದರು. ಸಿಟ್ಟು ಬಂದ ಹೆಂಡತಿ ಅಷ್ಟು ಕಾಯುತ್ತಾಳೆಯೇ? ಗಾಡಿ ಬೇಕಾದವನು ಕಾಯುತ್ತಾನೆ.

ಮತ್ತೆ ಹತ್ತಿ ಸೀಟಿಗೆ ಒರಗಿದೆ. ಬೆನ್ನಿಗೆ ಏನೋ ಒತ್ತಿತು. ಸೀಟಿನ ಹಿಂದೆ ಕೈ ಹಾಕಿದೆ. ರೆಕ್ಸಿನ್ ಹೊಲಿಗೆ ಎರಡಿಂಚು ಹರಿದಿತ್ತು. ಒಳಗೆ ತುಕ್ಕು ಹಿಡಿದ ಎರಡು ಕಬ್ಬಿಣದ ಬಳೆ. ಬಳೆಯಲ್ಲಿ ತೂರಿಸಿಟ್ಟ ಜಾಕ್ ರಾಡು. ನೀಟಾಗಿ ಒರೆಸಿಟ್ಟದ್ದು.

* * *

ರಾಡು ನೋಡಿ ನಾಗಾರ್ಜುನ ಭುಜ ಹಾರಿಸಿದರು. "ಅವಳೇ ಬಚ್ಚಿಟ್ಟಿರ್ತಾಳೆ."

"ಒಂದು ಮಾತು ಕೇಳ್ಲಾ ಸಾರ್?"

ಶ್ವೇತ ಬೆಂಚಿನ ಮೇಲೆ ಗೋಡೆ ನೋಡುತ್ತಾ ಕೂತಿದ್ದಳು.

"ಜಾಕ್ ರಾಡು ಎಲ್ಲಿ ಮಡಗ್ತಿದ್ರಿ ಕಣವ್ವ?"

"ಗೋಡೆ ಮ್ಯಾಲೆ. ಮೂರನೇ ಮೊಳೆ. ಆ ಗೆರೆ ಎಲ್ಲ ನಾನೇ ಬರ್ದಿದ್ದು ಅಣ್ಣ."

"ಸೀಟಿನ ಹಿಂದೆ?"

"ಅಲ್ಲೇನದೆ? ಮಾವನ ಕಾಲ್ದಲ್ಲಿ ಏನೋ ಬಳೆ ಇದ್ವು. ಎರಡು ವರ್ಸದಿಂದೆ ಮ್ಯಾಲೆ ರೆಕ್ಸಿನ್ ಒಲ್ದು ಮುಚ್ಚಿವ್ನಿ. ಬೆರಳು ಸೂಜಿಗೆ ಸಿಕ್ಕಿತ್ತು." ಅವಳು ಬೆರಳು ತೋರಿಸಿದಳು.

ನಾಗಾರ್ಜುನ ಆ ಬೆರಳನ್ನು ನೋಡಿದರು. ನನ್ನನ್ನು ನೋಡಿದರು. ಆ ರಾತ್ರಿ ಅವರು ಮನೆಗೆ ಹೋಗಲಿಲ್ಲ.

* * *

ಬೆಳಿಗ್ಗೆ ಒಂಬತ್ತಕ್ಕೆ ಶಿವಶಂಕರ ತಾಯಿಯನ್ನು ಕರೆದುಕೊಂಡು ಠಾಣೆಗೆ ಬಂದ. ಹೆಣ ಬಿಡಿಸಿಕೊಳ್ಳಲು ಸಹಿ ಬೇಕಿತ್ತು. ಸಹಿ ಹಾಕುವ ಮೊದಲೇ ಕೇಳಿದ.

"ಗಾಡಿ ಯಾವಾಗ ಬುಡ್ತೀರಾ ಸಾ? ಒಂದನೇ ತಾರೀಕಿಂದ ಡೈರಿಗೆ ಆಲು ಸಾಗಿಸ್ಬೇಕು. ಆರ್ಡರ್ ಆಗೋಗದೆ."

ತಮ್ಮ ಇನ್ನೂ ಆಸ್ಪತ್ರೆಯ ಕಟ್ಟೆಯ ಮೇಲೆ ಮಲಗಿದ್ದ. ನನಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಕೈ ಕಟ್ಟಿಕೊಂಡು ನಿಂತೆ.

ನಾಗಾರ್ಜುನ ನಕ್ಕರು. "ಇವತ್ತೇ ಕಾಗದ ರೆಡಿ ಮಾಡ್ತೀನಿ. ಆದ್ರೆ ಹಿಂದಿನ ಟೈರು ಪಂಚರು. ಸ್ಟೆಪ್ನಿ ಹಾಕ್ಕೊಂಡು ಸರಿಯಾಗಿ ನಿಲ್ಸಿ."

ಆ ಗಾಳಿ ಬಿಟ್ಟವನು ನಾನೇ. ಜಾಕು ತಂದು ಅವನ ಮುಂದಿಟ್ಟೆ. ರಾಡು ಕೊಡಲಿಲ್ಲ. ಕಿಟಕಿಯಲ್ಲಿ ಶ್ವೇತ ನಿಂತಿದ್ದಳು. ಜಗಲಿಯ ಮೇಲೆ ದ್ಯಾವಮ್ಮ ಕೂತಿದ್ದಳು.

ಶಿವಶಂಕರ ಜಾಕನ್ನು ಚಾಸಿಯ ಅಡಿಗೆ ತಳ್ಳಿದ. ಎದ್ದ. ಯೋಚನೆಯನ್ನೇ ಮಾಡಲಿಲ್ಲ. ಬಾಗಿಲು ತೆಗೆದು ಸೀಟಿನ ಹಿಂದೆ ಕೈ ಹಾಕಿದ. ಹರಿದ ಹೊಲಿಗೆಯೊಳಗೆ ಬೆರಳು ಆಡಿಸಿದ. ಬಳೆ ಖಾಲಿ.

"ಅರೆ, ಇಲ್ಲೇ ಮಡಗಿದ್ನಲ್ಲ..."

ಅವನ ಕೈ ಇನ್ನೂ ಒಳಗೇ ಇತ್ತು.

"ಅಪ್ಪ ಸತ್ತ ಮೇಲೆ ಗಾಡಿ ಮುಟ್ಟಿಲ್ಲ ಅಂದಿದ್ರಿ" ನಾಗಾರ್ಜುನ ಮೆತ್ತಗೆ ಹೇಳಿದರು. "ಆ ಬಳೆ ಮುಚ್ಚಿ ಎರಡು ವರ್ಷ ಆಯ್ತು. ರಾಡು ಗೋಡೆಗೆ ಹೋಗಿದೆ. ಅದು ಶ್ವೇತಾಗೆ ಗೊತ್ತು, ನಿಮಗೆ ಗೊತ್ತಿಲ್ಲ. ಶೆಡ್ಡಿಗೆ ನೀವು ಬಂದೇ ಇರಲಿಲ್ಲ, ಅದು ನಿಜ. ನಿನ್ನೆ ಒಂದು ದಿನ ಬಂದ್ರಿ."

"ಅಪ್ಪನ ಕಾಲ್ದಾಗೆ ಅಲ್ಲೇ ಇತ್ತು ಸಾ..."

"ಅದೇ ನಾನೂ ಹೇಳ್ತಿರೋದು. ಸಾಮಾನು ಒರೆಸಿ ಜಾಗಕ್ಕೆ ಇಡದಿದ್ರೆ ನಿಮ್ಮಪ್ಪ ಏನ್ ಮಾಡ್ತಿದ್ರು?"

ಉತ್ತರವನ್ನು ಜಗಲಿಯ ಮೇಲಿಂದ ದ್ಯಾವಮ್ಮ ಕೊಟ್ಟಳು.

"ಅದೇ ರಾಡ್ನಾಗೆ ಒಡೀತಿದ್ದ. ಇಬ್ರಿಗೂ."

ತಮ್ಮನ ಎದೆ ಒಡೆದುಹೋಗುತ್ತಿರುವಾಗ ಅವನು ರಾಡು ಒರೆಸಿದ್ದ. ಸತ್ತ ಅಪ್ಪನ ಭಯಕ್ಕೆ ಹೊಲಿಗೆ ಹರಿದು ಹಳೇ ಜಾಗಕ್ಕೇ ತೂರಿಸಿದ್ದ. ಕೈ ತಾನಾಗಿಯೇ ಮಾಡಿದ ಕೆಲಸ, ತಲೆ ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮಿಕ್ಕದ್ದನ್ನು ಅವನೇ ಹೇಳಿದ. ಶ್ವೇತ ಹೊರಟಿದ್ದು ನೋಡಿ ಶೆಡ್ಡಿಗೆ ಬಂದಿದ್ದ. "ಬಾಪ್ಪ, ನಾನು ಒತ್ತುತೀನಿ" ಎಂದಿದ್ದ. ನಿಂಗರಾಜುವಿಗೆ ಖುಷಿಯೋ ಖುಷಿ. ಮೂರು ವರ್ಷದಲ್ಲಿ ಅಣ್ಣ ಮೊದಲ ಸಲ ಬಂದಿದ್ದ. ಗಾಡಿ ಡೈರಿಗೆ ಬೇಕೆಂದು ವಾರದ ಹಿಂದೆ ಕೇಳಿದ್ದಕ್ಕೆ ಆಗಲ್ಲ ಅಂದಿದ್ದವನು, ಅವತ್ತು ಅಡಿಯಲ್ಲಿ ಮಲಗಿ, "ಒತ್ತಣ್ಣ, ಇಡ್ಕೊ ಅಣ್ಣ" ಅನ್ನುತ್ತಿದ್ದನಂತೆ.

"ನಾಲ್ಕು ಚಕ್ರ ಮುಗಿಯೋವರೆಗೂ ಯಾಕೆ ಕಾದೆ?" ನನ್ನಿಂದ ತಡೆಯಲಾಗಲಿಲ್ಲ.

ಶಿವಶಂಕರ ನನ್ನನ್ನು ವಿಚಿತ್ರವಾಗಿ ನೋಡಿದ.

"ಅರ್ಧಕ್ಕೆ ಬುಟ್ರೆ ಗಾಡಿ ಉಪ್ಯೋಗಕ್ಕೆ ಬರಕಿಲ್ವಲ್ಲ ಸಾ."

ನಾಗಾರ್ಜುನ ಜಗಲಿಯ ಹತ್ತಿರ ಹೋದರು. "ನೀವು ನೋಡಿದ್ರಿ ಅಲ್ವಾ ಅಮ್ಮ?"

"ದನಕ್ಕೆ ಉಲ್ಲು ಆಕ್ತಿದ್ದೆ. ಗಾಡಿಯಿಂದ ಇವನು ಇಳ್ದಿದ್ದು ನೋಡ್ದೆ."

"ಮತ್ತೆ ಸೊಸೆ ಹೆಸರು ಹೇಳಿದ್ರಲ್ಲ?"

"ಒತ್ತುತ್ತಿದ್ದಿದ್ದು ಯಾರು ಅಂದ್ರಿ, ಯಾವಾಗ್ಲೂ ಒತ್ತೋಳ ಎಸ್ರು ಏಳ್ದೆ." ಅವಳು ಕಿಟಕಿಯ ಕಡೆ ತಲೆ ಎತ್ತಲಿಲ್ಲ. "ಒಬ್ಬನ್ನ ಕಳ್ಕಂಡೆ. ಇನ್ನೊಬ್ಬನ್ನೂ ಕೊಟ್ಬುಡ್ಲಾ? ಅವಳು ಒರಗಿಂದ ಬಂದೋಳು. ಮನೆಮಗ ಉಳೀಲಿ ಅಂದ್ಕಂಡೆ."

ಥೂ ಎಂದು ಉಗಿಯಬೇಕು ಅನ್ನಿಸಿತು. ಆದರೆ ಶ್ವೇತಳನ್ನು ಆ ಸೀಟಿನ ಮೇಲೆ ಮೊದಲು ಕೂರಿಸಿದ್ದು ನನ್ನ ಬಾಯಿ.

* * *

ಮಣ್ಣು ಮುಗಿದ ಮೂರನೇ ದಿನ ಶ್ವೇತ ಹೇಳಿಕೆಗೆ ಸಹಿ ಹಾಕಲು ಬಂದಳು. ಅಲ್ಲಿಂದ ಕೆ.ಆರ್. ಪೇಟೆಗೆ ಹೊರಟಿದ್ದಳು. ಅಪ್ಪ ಇನ್ನೂ ಹಾಸಿಗೆಯಲ್ಲೇ ಇದ್ದನಂತೆ.

ಠಾಣೆಯ ಹಿಂದೆ ಗಾಡಿ ನಿಂತಿತ್ತು. ಕೇಸು ಮುಗಿಯುವವರೆಗೂ ಅದು ಅಲ್ಲಿಂದ ಕದಲುವುದಿಲ್ಲ. ಬೇವಿನ ಮರದ ಕೆಳಗೆ, ಹಳೇ ಬೈಕುಗಳ ಪಕ್ಕ. ಹಕ್ಕಿಗಳು ಆಗಲೇ ನೀಲಿ ಬಣ್ಣದ ಮೇಲೆ ಹಿಕ್ಕೆ ಹಾಕಿದ್ದವು. ಅವಳು ಸೆರಗಿನಿಂದ ಒಂದು ಕಡೆ ಒರೆಸಿದಳು.

"ಓಡ್ಸಿದ್ರಂತಲ್ಲ ಅಣ್ಣ. ಬ್ರೇಕ್ ಎಂಗಿತ್ತು?"

"ಒಂದೇ ಒತ್ತಿಗೆ ನಿಂತ್ಕತ್ತು ಕಣವ್ವ."

ಅವಳು ತಲೆಯಾಡಿಸಿದಳು. ಆಮೇಲೆ ಅತ್ತಳು. ಬಸ್ ಸ್ಟ್ಯಾಂಡಿನವರೆಗೂ ಅಳುತ್ತಲೇ ಬಂದಳು. ಬಸ್ಸು ಹತ್ತಿಸಿ, ಕಂಡಕ್ಟರ್ ಚೀಟಿ ಹರಿದು ಕೊಟ್ಟಾಗ ಕಿಟಕಿಯಿಂದ ಹೇಳಿದೆ.

"ಟಿಕೆಟ್ ಬಿಸಾಕ್‌ಬ್ಯಾಡ ಕಣವ್ವ. ಮಡಿಕೊ."