ರೋಪ್‌ವೇ ನಿಂತ ವಸಂತ

ಕೆಂಪು ದೀಪ ಉರಿಯುವಾಗ ರೇಡಿಯೊ ಕೋಣೆಯ ಬಾಗಿಲು ತೆರೆಯಬಾರದೆಂಬುದು ಆ ಬೆಟ್ಟದೂರಿನ ಬೆಕ್ಕಿಗೂ ಗೊತ್ತಿತ್ತು.

ಆ ಬೆಳಗ್ಗೆಯೂ ಕೆಂಪು ದೀಪ ಉರಿಯುತ್ತಿತ್ತು. ಅವಳು ಎಂದಿನಂತೆ ಮೈಕಿನ ಮುಂದೆ ಕೂತು ಊರ ಸುದ್ದಿ ಓದುತ್ತಿದ್ದಳು.

“ಈ ಭಾನುವಾರ ನಮ್ಮೂರ ವಸಂತ ಮೇಳ. ಗ್ರಂಥಾಲಯದ ಅಂಗಳದಲ್ಲಿ ಸಸಿ ವಿನಿಮಯ. ಮನೆಯಲ್ಲಿ ಹೆಚ್ಚಾದ ಗಿಡ ತನ್ನಿ, ಬೇಕಾದದ್ದು ಒಯ್ಯಿರಿ. ಸೇತುವೆ ಪಕ್ಕದ ಕ್ಷೌರದಂಗಡಿ ಚಳಿಗಾಲದ ರಜೆ ಮುಗಿಸಿ ಮತ್ತೆ ತೆರೆದಿದೆ. ಗಡ್ಡ ಬಿಟ್ಟವರು ಇನ್ನು ನೆಪ ಹೇಳುವಂತಿಲ್ಲ. ಮತ್ತೆ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ನಮ್ಮ ರೋಪ್‌ವೇ ಈ ವರ್ಷದ ಮೊದಲ ಓಟ...”

“ಓಡಲ್ಲ.”

ಅವಳು ತಿರುಗಿ ನೋಡಿದಳು. ಬಾಗಿಲಲ್ಲಿ ಒಬ್ಬ ಎತ್ತರದ ಗಂಡಸು. ಉಣ್ಣೆ ಟೋಪಿ, ಮೊಣಕೈವರೆಗೆ ಗ್ರೀಸು, ಮೆಟ್ಟಿಲು ಹತ್ತಿ ಬಂದ ಏದುಸಿರು.

“ರೋಪ್‌ವೇ ಭಾನುವಾರ ಓಡಲ್ಲ. ದಯವಿಟ್ಟು ಹಾಗೆ ಹೇಳ್ಬೇಡಿ,” ಎಂದ ಅವನು.

ಅವಳು ಮೈಕಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ತಡವಾಗಿತ್ತು. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಮುಗಿಸಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಬ್ರೆಡ್ಡಂಗಡಿಯಾಕೆ ಒಲೆಯ ಬಾಗಿಲು ಮುಚ್ಚುವುದನ್ನೇ ಮರೆತಳು. ಊರಿಗೆ ಊರೇ ಕೇಳಿಸಿಕೊಂಡಿತ್ತು.

“ಕೇಳುಗರೇ, ಈಗ ಒಂದು ಹಾಡು,” ಎಂದು ಅವಳು ಗುಂಡಿ ಒತ್ತಿದಳು. ಆಮೇಲೆ ಎದ್ದು ನಿಂತಳು.

“ಯಾರ್ರೀ ನೀವು?”

“ರೋಪ್‌ವೇ ಎಂಜಿನಿಯರ್. ಚಳಿಗಾಲದ ರಿಪೇರಿಗೆ ಅಂತ ಬಂದಿರೋನು.”

ಓ... ಇವನೇ ಏನು ಆ ‘ಮೇಲ್ನೋಟ’! ಊರಿನವರು ಅವನಿಗೆ ಇಟ್ಟ ಹೆಸರು ಅದು. ರಸ್ತೆಯಲ್ಲಿ ನಡೆಯುವಾಗಲೂ ತಲೆಯೆತ್ತಿ ತಂತಿಯನ್ನೇ ನೋಡುತ್ತ ಹೋಗುತ್ತಿದ್ದ, ಎರಡು ಸಲ ಬ್ರೆಡ್ಡಂಗಡಿಯ ಹಲಗೆಗೆ ಡಿಕ್ಕಿ ಹೊಡೆದಿದ್ದ.

“ನಿಮ್ಮ ಮೇನೇಜರೇ ಫೋನ್ ಮಾಡಿ ಹತ್ತು ಗಂಟೆಗೆ ಶುರು ಅಂದ್ರು.”

“ಅವರಿಗೂ ಹೇಳಿದ್ದೀನಿ. ಹೇಗೋ ಸರಿಹೋಗುತ್ತೆ ಅಂತಾರೆ. ನಾಲ್ಕನೇ ಕಂಬದಲ್ಲಿ ತಂತಿ ಹಾಯೋ ಗಾಲಿ ಇದೆಯಲ್ಲ, ಅದರಲ್ಲಿ ಬಿರುಕಿದೆ. ಹೊಸದು ಬರೋಕೆ ಇನ್ನೂ ಸಮಯ ಬೇಕು. ಅಲ್ಲಿವರೆಗೆ ನೀವು ಮಕ್ಕಳನ್ನ ಅದ್ರಲ್ಲಿ ಕೂರಿಸ್ತೀರಾ?”

ಅವನ ಮಾತು ಸರಿಯಾಗಿದ್ದದ್ದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

“ಮೇಲ್ನೋಟಕ್ಕೆ ಸಭ್ಯರ ಹಾಗೆ ಕಾಣ್ತೀರಿ. ಬಾಗಿಲು ತಟ್ಟೋಕೆ ಬರಲ್ವಾ?”

ಅವನು ಕೆಂಪು ದೀಪ ನೋಡಿದ, ಮೈಕು ನೋಡಿದ. ಆಗಷ್ಟೇ ಅವನಿಗೆ ಅರ್ಥವಾಯಿತು. ಕಿವಿಯ ತುದಿವರೆಗೂ ಕೆಂಪಾದ.

“ಅಂದ್ರೆ... ಎಲ್ಲರಿಗೂ ಕೇಳಿಸ್ತಾ?”

“ಕಿವುಡರನ್ನ ಬಿಟ್ಟು.”

* * *

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ರೋಪ್‌ವೇಯ ತುದಿಯಲ್ಲಿ, ಬೆಟ್ಟದ ನೆತ್ತಿಯ ಮೇಲೆ ಅವಳ ಅಜ್ಜಿಯ ಕ್ಯಾಂಟೀನು. ಅವಳು ಅಂಬೆಗಾಲಿಟ್ಟದ್ದು ಅಲ್ಲಿಯ ಮೇಜುಗಳ ಕೆಳಗೆ, ಅಕ್ಷರ ಕಲಿತದ್ದು ಅಲ್ಲಿಯ ಹಲಗೆಯ ಮೇಲೆ ಕಾಫಿ, ಸೂಪು ಎಂದು ಬರೆಯುತ್ತ. ಜಾಗ ರೋಪ್‌ವೇ ಕಂಪನಿಯದು. ಈ ಮೇಳಕ್ಕೂ ಜನ ಸೇರದಿದ್ದರೆ ಅಜ್ಜಿಯ ಬದಲು ಕಾಫಿ ಯಂತ್ರ ಇಡುವುದೇ ವಾಸಿ ಎಂದು ಮೇನೇಜರ್ ಆಗಲೇ ಹೇಳಿಬಿಟ್ಟಿದ್ದ.

“ಯಂತ್ರ ಕಾಫಿ ಕೊಡುತ್ತೆ, ಸರಿ,” ಎಂದಿದ್ದಳು ಅಜ್ಜಿ. “ನಿನ್ನ ಮಗಳು ಪರೀಕ್ಷೇಲಿ ಫೇಲಾಗಿ ಬಂದು ನನ್ನ ಹತ್ರ ಕೂತ್ಲಲ್ಲ, ಅವಳ ತಲೆ ಸವರುತ್ತಾ?”

ಮೇನೇಜರ್ ನಕ್ಕಿದ್ದ. ಆದರೆ ಮಾತು ವಾಪಸು ತೆಗೆದುಕೊಂಡಿರಲಿಲ್ಲ.

ಸಂಜೆ ಅವಳು ಕ್ಯಾಂಟೀನಿನ ಹಿತ್ತಾಳೆ ಕೆಟಲುಗಳನ್ನು ಮನೆಯಂಗಳದಲ್ಲಿ ಉಜ್ಜುತ್ತ ಕೂತಿದ್ದಾಗ ಗೇಟು ಸದ್ದಾಯಿತು. ಅವನೇ. ಈ ಸಲ ಗೇಟನ್ನು ಅಗತ್ಯಕ್ಕಿಂತ ಹೆಚ್ಚೇ ತಟ್ಟಿದ.

“ಕ್ಷಮೆ ಕೇಳೋಕೆ ಬಂದೆ.”

“ಕೇಳಿ.”

“ಬಾಗಿಲು ತಟ್ಟದ್ದಕ್ಕೆ. ಗಾಲಿ ವಿಷಯಕ್ಕಲ್ಲ.”

ಒಳಗಿನಿಂದ ಅಜ್ಜಿ ನಕ್ಕಳು. “ಕ್ಷಮೆಯನ್ನೂ ಅಳತೆ ಮಾಡಿ ಕೊಡ್ತಾನೆ ಹುಡುಗ. ಬಾಪ್ಪಾ ಒಳಗೆ. ತಂತಿ ಹರಿದು ಜನ ಬೀಳೋದಕ್ಕಿಂತ ನನ್ನ ಕಾಫಿ ಆರೋದೇ ಮೇಲು.”

ಅವನು ಒಳಗೆ ಬರಲಿಲ್ಲ. ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಕೆಟಲು ಎತ್ತಿಕೊಂಡು ಉಜ್ಜತೊಡಗಿದ.

“ಒಂದು ಕೇಳ್ಲಾ?” ಎಂದ. “ರೋಪ್‌ವೇ ಬರೋ ಮುಂಚೆ ಜನ ಮೇಲೆ ಹೇಗೆ ಹೋಗ್ತಿದ್ರು?”

“ನಡ್ಕೊಂಡು. ಹಳೇ ಕಾಲುದಾರಿ ಇದೆ. ಈಗ ಮರ ಬಿದ್ದು, ಪೊದೆ ಬೆಳೆದು...”

ಅವಳು ಮಾತು ಅಲ್ಲೇ ನಿಲ್ಲಿಸಿದಳು. ಅವನೂ ಕೆಟಲು ಉಜ್ಜುವುದನ್ನು ನಿಲ್ಲಿಸಿದ.

“ಗರಗಸ ನನ್ನ ಹತ್ರ ಇದೆ,” ಎಂದ.

“ಮೈಕು ನನ್ನ ಹತ್ರ ಇದೆ,” ಎಂದಳು.

* * *

ಮರುದಿನದ ಸುದ್ದಿ ಹೀಗಿತ್ತು: “ಈ ಸಲದ ವಸಂತ ಮೇಳ ಬೆಟ್ಟದ ನೆತ್ತಿಯ ಮೇಲೆ. ರೋಪ್‌ವೇಗೆ ವಿಶ್ರಾಂತಿ, ನಮ್ಮ ಕಾಲುಗಳಿಗೆ ಕೆಲಸ. ದಾರಿ ಬಿಡಿಸಲು ಕುಡುಗೋಲು ಇದ್ದವರು ಕುಡುಗೋಲು ತನ್ನಿ, ಇಲ್ಲದವರು ಕೈ ತನ್ನಿ, ಎರಡೂ ಇಲ್ಲದವರು ಕನಿಷ್ಠ ಹಾಡು ಹೇಳಲು ಬನ್ನಿ.”

ಜನ ಬಂದರು. ಮೂರನೆಯ ಬಗೆಯವರೇ ಹೆಚ್ಚು. ಆದರೂ ದಾರಿ ದಿನದಿಂದ ದಿನಕ್ಕೆ ಬೆಳೆಯಿತು. ಚಪ್ಪಲಿ ಅಂಗಡಿಯಲ್ಲಿ ಕ್ಯಾನ್ವಾಸ್ ಶೂ ಖಾಲಿಯಾಯಿತು. ಕ್ಷೌರಿಕ ಊರುಗೋಲು ಕಡಿದು ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದ. ಇದೆಲ್ಲವೂ ಅವಳ ಬೆಳಗಿನ ಸುದ್ದಿಯಾಯಿತು.

ಸುದ್ದಿಯಾಗದ ಸಂಗತಿಯೂ ಒಂದಿತ್ತು. ಮಧ್ಯಾಹ್ನವಾಗುತ್ತಲೇ ಅವಳ ಕಾಲು ತಾನಾಗಿಯೇ ಅವನು ಮರ ಕೊಯ್ಯುವ ಕಡೆ ಹೋಗುತ್ತಿತ್ತು.

‘ನೀರು ಕೊಡೋಕೆ ಅಷ್ಟೆ,’ ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. ನೀರಿನ ಜೊತೆ ಬನ್ನು ಏಕೆ, ಬನ್ನಿಗೆ ಬೆಣ್ಣೆ ಏಕೆ ಎಂದು ಮನಸ್ಸು ಕೇಳಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಬಿದ್ದ ಮರದ ಮೇಲೆ ಕೂತು ಬನ್ನು ತಿನ್ನುತ್ತ ಅವನು ಹೇಳಿದ:

“ಚಳಿಗಾಲ ಪೂರ್ತಿ ಕಂಬದ ಮೇಲೆ ನಾನೊಬ್ಬನೇ. ಸುತ್ತ ಮಂಜು. ಜೇಬಲ್ಲಿ ರೇಡಿಯೊ. ದಿನಾ ಬೆಳಗ್ಗೆ ನೀವು ‘ಎದ್ರಾ ಎಲ್ಲರೂ?’ ಅಂತ ಕೇಳ್ತೀರಲ್ಲ...”

“ಹೂಂ?”

“‘ಎದ್ದೆ’ ಅಂತ ಜೋರಾಗಿ ಉತ್ತರ ಕೊಡ್ತಿದ್ದೆ.”

ಅವಳು ನಕ್ಕಳು. ನಗು ನಿಂತ ಮೇಲೆ ಎದೆಯಲ್ಲಿ ಏನೋ ಬೆಚ್ಚಗೆ ಉಳಿಯಿತು. ಇಷ್ಟು ವರ್ಷ ಕಿಟಕಿಯಿಲ್ಲದ ಆ ಪುಟ್ಟ ಕೋಣೆಯಲ್ಲಿ ಕೂತು ಅವಳು ಆ ಪ್ರಶ್ನೆ ಕೇಳಿದ್ದಳು. ಯಾರೋ ಉತ್ತರ ಕೊಡುತ್ತಿದ್ದಾರೆಂದು ಅವಳಿಗೆ ಹೊಳೆದಿರಲೇ ಇಲ್ಲ.

“ಮೊದಲೇ ಬಂದು ಹೇಳ್ಬಾರ್ದಿತ್ತಾ?”

“ಬಂದೆನಲ್ಲ. ಕೆಂಪು ದೀಪ ಉರೀತಿತ್ತು,” ಎಂದ ಅವನು.

* * *

ಶುಕ್ರವಾರ ಬೆಳಗ್ಗೆ ಸುದ್ದಿಗೆ ಕೂರುವ ಮುನ್ನ ಮೇನೇಜರ್ ಫೋನ್ ಮಾಡಿದ.

“ಇದೊಂದು ಸೇರಿಸಮ್ಮ. ನಮ್ಮ ರೋಪ್‌ವೇಗೆ ಕಾಯಂ ಎಂಜಿನಿಯರ್ ನೇಮಕ ಆಯ್ತು. ಸೋಮವಾರದಿಂದ ಕೆಲಸಕ್ಕೆ.” ಅಷ್ಟು ಹೇಳಿ ಇಟ್ಟುಬಿಟ್ಟ.

ಕಾಯಂ ಎಂಜಿನಿಯರ್... ಅಂದರೆ ಅವನು ಹೊರಡುತ್ತಾನೆಯೇ?

ಚಳಿಗಾಲದ ರಿಪೇರಿಗೆ ಬಂದವನು. ಚಳಿಗಾಲ ಮುಗಿದಿತ್ತು. ಇಷ್ಟು ಸರಳ ಲೆಕ್ಕ ತನಗೇಕೆ ಮೊದಲೇ ಹೊಳೆಯಲಿಲ್ಲ? ದಿನಾ ಬನ್ನು ತಿಂದವನಿಗೆ ಹೊರಡುವ ಮಾತು ಹೇಳಲು ಬಾಯಿ ಇರಲಿಲ್ಲವೇ?

ಕೆಂಪು ದೀಪ ಹತ್ತಿತು. ಅವಳು ಸುದ್ದಿ ಓದಿದಳು. ದನಿ ಒಂದಿಷ್ಟೂ ನಡುಗಲಿಲ್ಲ. ಹವಾಮಾನ ಹೇಳುವವರ ಹಾಗೆ ಓದಿ, ಮುಂದಿನ ಹಾಡು ಹಾಕಿ, ಹೆಡ್‌ಫೋನ್ ತೆಗೆದು, ಮುಖ ತೊಳೆಯಲು ಎದ್ದು ಹೋದಳು. ಅವತ್ತು ಮುಖ ತೊಳೆಯಲು ಬಹಳ ಹೊತ್ತು ಹಿಡಿಯಿತು.

ಕೆಳಗಿಳಿದರೆ ಅವನು ಬೀದಿಯಲ್ಲಿ ಕಾಯುತ್ತಿದ್ದ. ಮುಖದ ತುಂಬ ನಗು.

“ಸುದ್ದಿ ಓದಿದ್ರಿ,” ಎಂದ.

“ಓದೋದು ನನ್ನ ಕೆಲಸ.”

“ಏನೂ... ಅನ್ನಿಸಲಿಲ್ವಾ?”

“ಏನನ್ನಿಸಬೇಕು? ಊರಿಗೆ ಒಳ್ಳೇದಾಯ್ತು. ಬರೋರು ಬರ್ತಾರೆ, ಹೋಗೋರು ಹೋಗ್ತಾರೆ.”

ಅವನ ನಗು ಮೆಲ್ಲಗೆ ಆರಿತು. “ಸರಿ,” ಎಂದ. ಆಮೇಲೆ ಮೊದಲ ಬಾರಿಗೆ, ತಂತಿಯ ಕಡೆ ನೋಡದೆ, ತಲೆ ತಗ್ಗಿಸಿಕೊಂಡು ನಡೆದುಹೋದ.

ಶನಿವಾರ ಅವನು ದಾರಿಯ ಮೇಲ್ತುದಿಯಲ್ಲಿ ಕೆಲಸ ಮಾಡಿದ, ಅವಳು ಕೆಳತುದಿಯಲ್ಲಿ. ಬನ್ನು ಬ್ರೆಡ್ಡಂಗಡಿಯಲ್ಲೇ ಉಳಿಯಿತು.

“ಯಾಕೆ ಪುಟ್ಟಿ, ಕೆಟಲು ಕೆಳಗಿಡೋದರಲ್ಲೂ ಜಗಳ?” ಎಂದಳು ಅಜ್ಜಿ.

“ಏನಿಲ್ಲ.”

“ಏನಿಲ್ಲ ಅನ್ನೋದು ಇಷ್ಟು ಸದ್ದು ಮಾಡಲ್ಲ.”

* * *

ಭಾನುವಾರ ಅಜ್ಜಿ ಊರಿನ ಎಲ್ಲರಿಗಿಂತ ಮೊದಲು ಹೊರಟು ಎಲ್ಲರಿಗಿಂತ ಕೊನೆಗೆ ನೆತ್ತಿ ತಲುಪಿದಳು. ದಾರಿಯುದ್ದಕ್ಕೂ ಸಿಕ್ಕವರ ಜೊತೆಗೆಲ್ಲ ಕೂತು ಮಾತಾಡಿದ್ದಳು. ಅಜ್ಜಿ ಬರುವ ಹೊತ್ತಿಗೆ ಕ್ಯಾಂಟೀನಿನ ಮುಂದೆ ಹುಲ್ಲು ಕಾಣದಷ್ಟು ಜನ.

ಸೂಪು ಎರಡು ಸಲ ಖಾಲಿಯಾಯಿತು. ಸಸಿ ವಿನಿಮಯದ ಗಿಡಗಳೂ ಬುಟ್ಟಿಗಳಲ್ಲಿ ಬೆಟ್ಟ ಹತ್ತಿದ್ದವು. ಹಾಡು ಹೇಳಲು ಬಂದವರು ಕೇಳಿಕೊಂಡರೂ ನಿಲ್ಲಿಸುತ್ತಿರಲಿಲ್ಲ. ಮೇನೇಜರ್ ಏದುಸಿರು ಬಿಡುತ್ತ ಬಂದು, ಬೆಂಚಿನ ಮೇಲೆ ಕುಸಿದು, ಕಾಫಿಯ ಮೇಲೆ ಕಾಫಿ ಕುಡಿದ.

“ಯಂತ್ರ ಯಾವಾಗ ತರ್ತೀಯಪ್ಪ?” ಎಂದು ಅಜ್ಜಿ ಕೇಳಿದಳು.

“ಯಾವ ಯಂತ್ರ?” ಎಂದ ಅವನು, ಕಪ್ಪಿನಿಂದ ಮುಖ ಎತ್ತದೆ.

ಮೊಮ್ಮಗಳು ಇದನ್ನೆಲ್ಲ ನೋಡುತ್ತ ನಕ್ಕಳು. ಆದರೆ ಕಣ್ಣು ಜನರ ನಡುವೆ ಒಂದು ಉಣ್ಣೆ ಟೋಪಿಯನ್ನು ಹುಡುಕುತ್ತಲೇ ಇತ್ತು. ‘ನಾಳೆ ಹೋಗ್ತಾನೆ. ಹೋಗಲಿ.’ ಹೀಗೆ ಅಂದುಕೊಳ್ಳುತ್ತ ಎಂಜಲು ಕಪ್ಪುಗಳನ್ನು ಎತ್ತಿಕೊಂಡು ತೊಳೆಯಲು ಒಳಗೆ ಹೋದಳು.

ಅವನು ಕ್ಯಾಂಟೀನಿನ ಹಿಂದೆ ಒಬ್ಬನೇ ಸೌದೆ ಒಡೆಯುತ್ತಿದ್ದ. ಅಜ್ಜಿ ಕಿಟಕಿಯಿಂದ ತಲೆ ಹೊರಹಾಕಿದಳು.

“ನಾಳೆ ಯಾರೋ ಹೊಸ ಎಂಜಿನಿಯರ್ ಬರ್ತಾನಂತೆ. ನೀನು ಗಂಟುಮೂಟೆ ಕಟ್ಟೋದು ಯಾವಾಗ? ದಾರಿಗೆ ಬುತ್ತಿ ಮಾಡ್ಬೇಕಲ್ಲ, ಅದಕ್ಕೆ ಕೇಳ್ದೆ.”

ಅವನು ಕೊಡಲಿ ಕೆಳಗಿಟ್ಟ. “ಎಲ್ಲಿಗೆ ಹೋಗ್ಲಿ ಅಜ್ಜಿ? ಆ ಹೊಸಬ ನಾನೇ.”

ಒಳಗೆ ಕಪ್ಪು ತೊಳೆಯುತ್ತಿದ್ದ ಅವಳ ಕೈ ನಿಂತಿತು. ಕಪ್ಪು ಜಾರಿ ನೀರಿನ ತೊಟ್ಟಿಗೆ ಬಿತ್ತು. ಪುಣ್ಯಕ್ಕೆ ಒಡೆಯಲಿಲ್ಲ.

“ಈ ಊರಲ್ಲೇ ಉಳೀಬೇಕು ಅನ್ನಿಸ್ತು,” ಎನ್ನುತ್ತಿದ್ದ ಅವನು. “ಕಾಯಂ ಮಾಡಿ ಅಂತ ನಾನೇ ಕಂಪನಿಗೆ ಕೇಳ್ದೆ, ಒಪ್ಪಿದ್ರು. ಸುದ್ದಿ ಮೊದಲು ರೇಡಿಯೊಗೆ ಹೇಳಿ, ನಿಮ್ಮ ಮೊಮ್ಮಗಳ ದನೀಲೇ ಕೇಳ್ತೀನಿ ಅಂತ ಮೇನೇಜರಿಗೆ ಹೇಳಿದ್ದೆ. ಕೇಳಿಸ್ಕೊಂಡೆ. ಹೋಗೋರು ಹೋಗ್ತಾರೆ ಅಂದ್ರು.”

ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು, ಮತ್ತೆ ಅವನ ಕಡೆ.

“ನೀನು ಅಡ್ಡಗೋಡೆ ಮೇಲೆ ದೀಪ ಇಟ್ಟೆ. ಇವಳು ಅದರ ನೆರಳು ನೋಡಿ ಹೆದರಿದ್ಲು,” ಎಂದಳು. “ನಿಮ್ಮಿಬ್ಬರ ಜಾಣತನ ಕಟ್ಟಿಕೊಂಡು ನನ್ನ ಸೂಪು ತಳ ಹಿಡೀತಿದೆ. ಪುಟ್ಟಿ, ಹೊರಗೆ ಹೋಗು.”

ಅವಳು ಹೊರಗೆ ಬಂದಳು. ಕೈ ತುಂಬ ಸೋಪಿನ ನೊರೆ. ಒರೆಸಿಕೊಳ್ಳುವುದೂ ನೆನಪಾಗಲಿಲ್ಲ.

“ಹೆಸರು ಹೇಳಲಿಲ್ಲ ಅವರು,” ಎಂದಳು. “ಬರೀ ಕಾಯಂ ಎಂಜಿನಿಯರ್ ಅಂದ್ರು. ನಾನು... ನೀವು ಹೇಳದೆ ಹೋಗ್ತಿದ್ದೀರಿ ಅಂದ್ಕೊಂಡೆ.”

“ಅದಕ್ಕೇ ಹಾಗೆ ಓದಿದ್ರಾ? ಮೋಡ ಕವಿದ ವಾತಾವರಣ ಅನ್ನೋ ಹಾಗೆ?”

“ಓದಿ ಮುಗಿಸಿ, ಹಾಡು ಹಾಕಿ, ಅತ್ತೆ.”

ಆಚೆ ಕಡೆ ಜನ ನಗುತ್ತಿದ್ದರು. ಇಲ್ಲಿ, ಸೌದೆಯ ರಾಶಿಯ ಪಕ್ಕ, ಬರೀ ಗಾಳಿ.

“ಅತ್ತಿದ್ದು ಎಂಜಿನಿಯರಿಗಾ, ನನಗಾ?” ಎಂದು ಮೆತ್ತಗೆ ಕೇಳಿದ.

“ನಿಮಗೆ.” ಅವಳು ಕಣ್ಣು ತಪ್ಪಿಸಲಿಲ್ಲ. “ಊರಿನವರ ವಿಷಯವೆಲ್ಲ ದಿನಾ ಹೇಳ್ತೀನಿ. ನನ್ನದು ಹೇಳಿ ಅಭ್ಯಾಸ ಇಲ್ಲ. ನೀವು ಹೋದ್ರೆ ನನಗೆ ಈ ಊರು ಖಾಲಿ ಅನ್ನಿಸುತ್ತೆ. ಇಷ್ಟೇ ಸುದ್ದಿ.”

“ಇದಕ್ಕಿಂತ ಒಳ್ಳೇ ಸುದ್ದಿ ನಾನು ಕೇಳಿಲ್ಲ,” ಎಂದ ಅವನು. ನೊರೆಯ ಸಮೇತ ಅವಳ ಕೈ ಹಿಡಿದುಕೊಂಡ.

ಕಿಟಕಿಯ ಹಿಂದೆ ಅಜ್ಜಿ ಸೂಪು ಕಲಕುವುದನ್ನು ಮರೆತು ನಿಂತಿದ್ದಳು. ಸೂಪು ನಿಜವಾಗಿಯೂ ತಳ ಹಿಡಿಯಿತು.

* * *

ಬಿಸಿಲು ಇಳಿಯುವ ಹೊತ್ತಿಗೆ ಎಲ್ಲರೂ ಹೊರಟಿದ್ದರು. ಅಜ್ಜಿ ಬ್ರೆಡ್ಡಂಗಡಿಯಾಕೆಯ ತೋಳು ಹಿಡಿದು, ದಾರಿಯಲ್ಲಿ ಸಿಗುವ ಎಲ್ಲ ಮರದ ದಿಮ್ಮಿಗಳ ಮೇಲೂ ಕೂತು ನ್ಯಾಯ ಒದಗಿಸುತ್ತ ಮುಂದೆ ಹೋಗಿದ್ದಳು. ಇವರಿಬ್ಬರೂ ಬಾಗಿಲು ಹಾಕಿ ಕೊನೆಗೆ ಇಳಿಯುತ್ತಿದ್ದರು. ಕೊಯ್ದ ಮರದ ಹಸಿ ವಾಸನೆ ದಾರಿಯ ಎರಡೂ ಕಡೆ ಇನ್ನೂ ಇತ್ತು.

“ನೋಡ್ಕೊಂಡು ಬನ್ನಿ, ಇಲ್ಲಿ ಜಾರುತ್ತೆ,” ಎಂದು ಅವನು ಕೈ ಚಾಚಿದ.

ಅವಳು ಅಲ್ಲೇ ನಿಂತಳು.

“ಕೈ ಕೊಡ್ತಿದ್ದೀರಿ. ಆದ್ರೂ ‘ಬನ್ನಿ’ ಅಂತೀರಲ್ಲ.”

“ಮತ್ತೇನನ್ನಲಿ?”

“ಯೋಚನೆ ಮಾಡಿ. ಆಮೇಲೆ ಇಳೀತೀನಿ.”

ಅವನು ಗಂಟಲು ಸರಿಮಾಡಿಕೊಂಡ. ಕಂಬದ ತುದಿಯಲ್ಲಿ ನಿಂತರೂ ಹೆದರದವನು ಈಗ ಕಿವಿಯವರೆಗೆ ಕೆಂಪಾಗಿದ್ದ.

“ಬಾ,” ಎಂದ ಕೊನೆಗೆ.

ಅವಳು ಕೈ ಹಿಡಿದು ಇಳಿದಳು.

“ಎಷ್ಟು ಹೊತ್ತು ತಗೊಂಡೆ ನೀನು,” ಎಂದಳು.