ಮೂರು ಬೆರಳು ತಗ್ಗಿದ ಸೀಟು

ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಹುಳುಮನೆಯ ಬಾಗಿಲು ತಳ್ಳಿದ ಚಿಕ್ಕವೆಂಕಟಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು. ಒಳಗೆ ಸದ್ದೇ ಇಲ್ಲ. ಬೆಳಗ್ಗೆ ತಟ್ಟೆಗಳ ತುಂಬ ರೇಷ್ಮೆಹುಳುಗಳು ಸರಸರನೆ ಮೇಯುತ್ತಿದ್ದವು. ಈಗ ಒಂದೂ ಅಲುಗುತ್ತಿಲ್ಲ. ಹಸಿರು ನೀರು ಕಾರಿಕೊಂಡು, ಮೈ ಮುರುಟಿ ಬಿದ್ದಿವೆ. ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಾಗಿದ್ದ ಹುಳುಗಳು. ಗಂಡ ಸತ್ತ ಮೇಲೆ ಅವಳು ಒಂಟಿಯಾಗಿ ಕಟ್ಟಿಕೊಂಡ ಬದುಕೆಲ್ಲ ಆ ತಟ್ಟೆಗಳಲ್ಲಿತ್ತು.

ರೋಗವಿರಬೇಕೆಂದು ಸತ್ತ ಹುಳುಗಳನ್ನೂ ಮಿಕ್ಕ ಸೊಪ್ಪನ್ನೂ ಗಂಟು ಕಟ್ಟಿ ಶಿಡ್ಲಘಟ್ಟಕ್ಕೆ ಒಯ್ದು, ತಿಳಿದವರಿಗೆ ತೋರಿಸಿದಳು. ವಾರಕ್ಕೆ ಉತ್ತರ ಬಂತು. ರೋಗವಲ್ಲ. ಸೊಪ್ಪಿನ ಮೇಲೆ ಯಾರೋ ಹೊಗೆಸೊಪ್ಪಿನ ಪುಡಿ ಉದುರಿಸಿದ್ದಾರೆ.

ಆಗ ಪಕ್ಕದ ತೋಟದ ಗಂಗುಲಮ್ಮನಿಗೆ ನೆನಪಾಯಿತು. ಹುಳು ಸತ್ತ ಆ ಮಂಗಳವಾರ ಎರ್ರಪ್ಪನ ಸೈಕಲ್ಲು ಹುಳುಮನೆಯ ಮುಂದೆ ನಿಂತಿತ್ತು—ಹಸಿರು ಬಣ್ಣ, ಹಿಂದೆ ಮೊಟ್ಟೆ ಪೆಟ್ಟಿಗೆ. ತಲೆಗೆ ಟವೆಲ್ಲು ಹೊದ್ದವನೊಬ್ಬ ಒಳಗಿನಿಂದ ಬಂದು ಹತ್ತಿ ಹೋದ. ಊರೂರಿಗೆ ರೇಷ್ಮೆ ಮೊಟ್ಟೆ ಹಂಚುವ ಎರ್ರಪ್ಪ ಯಾರ ಹುಳುಮನೆಗೆ ಹೊಕ್ಕರೂ ಕೇಳುವವರಿರಲಿಲ್ಲ.

ಸಬ್‌ಇನ್ಸ್‌ಪೆಕ್ಟರರಿಗೆ ಅಷ್ಟು ಸಾಕಾಯಿತು. ಎರ್ರಪ್ಪ ಲಾಕಪ್ಪಿಗೆ ಬಿದ್ದ, ಸೈಕಲ್ಲು ಠಾಣೆಯ ಅಂಗಳಕ್ಕೆ ಬಂತು.

ಇದು ಸಾವಿರದ ಒಂಬೈನೂರ ಅರವತ್ತೊಂದರ ಮಾತು. ದಫೇದಾರ್ ಮುನಿಶಾಮಿ ಇಪ್ಪತ್ತೆರಡು ವರ್ಷ ಸೈಕಲ್ಲಿನ ಮೇಲೆ ಗಸ್ತು ತಿರುಗಿದವನು. ಅಷ್ಟರಲ್ಲಿ ಐದು ಜನ ಸಬ್‌ಇನ್ಸ್‌ಪೆಕ್ಟರರನ್ನು ಕಂಡಿದ್ದ. ಯೋಚನೆ ಮಾಡುವ ಕಷ್ಟ ತೆಗೆದುಕೊಂಡ ಒಬ್ಬರನ್ನೂ ಕಂಡಿರಲಿಲ್ಲ.

ಎರ್ರಪ್ಪ ಲಾಕಪ್ಪಿನ ಗೋಡೆಗೆ ಒರಗಿ ಎರಡೂ ಮಂಡಿ ತಿಕ್ಕಿಕೊಳ್ಳುತ್ತಿದ್ದ.

"ನೋಡ್ರೀ, ತಪ್ಪು ಮಾಡಿದೋನ ಮಂಡಿ ನೆಟ್ಟಗೆ ನಿಲ್ಲಲ್ಲ" ಎಂದು ಸಬ್‌ಇನ್ಸ್‌ಪೆಕ್ಟರ್ ಸಾಹೇಬರು ನಕ್ಕು ಊಟಕ್ಕೆ ಹೋದರು. ಅವರ ಬೆನ್ನು ಮರೆಯಾಗುವವರೆಗೂ ಮುನಿಶಾಮಿ ಸೆಲ್ಯೂಟು ಹಿಡಿದೇ ನಿಂತಿದ್ದ. ಆಮೇಲೆ ಕಂಬಿಯ ಮುಂದೆ ಕುಕ್ಕುರುಗಾಲಲ್ಲಿ ಕೂತ.

"ಎಲ್ಲಯ್ಯಾ ನೋವು? ಮುಂದಗಡೆನೋ, ಹಿಂದಗಡೆನೋ?"

"ಮುಂದಗಡೆ ಸಾಮಿ. ಚಿಪ್ಪಿನ ಕೆಳಗೆ."

"ಎಷ್ಟು ದಿನ ಆಯ್ತು?"

"ಜ್ವರ ಬಿಟ್ಟು ಎದ್ದಾಗ್ನಿಂದ. ಕಾಲು ಸೋತಿರಬೇಕು ಅಂದ್ಕೊಂಡೆ. ದಿನಾ ಹದಿನೈದು ಮೈಲಿ ತುಳೀಬೇಕಲ್ಲ."

"ಜ್ವರ ಬಂದಾಗ ಸೈಕಲ್ಲು ಎಲ್ಲಿತ್ತು?"

"ಅದೇ ಸಾಮಿ, ಹೇಳಿದ್ರೆ ಸಾಹೇಬ್ರು ನಂಬ್ಲಿಲ್ಲ. ಸೋಮವಾರ ದಿಬ್ಬೂರಹಳ್ಳಿ ಹತ್ರ ತಲೆ ತಿರುಗ್ತು. ಆವಲಪ್ಪನೋರ ನೀರೆತ್ತೋ ಎಂಜಿನ್ ಮನೇಲಿ ಸೈಕಲ್ಲು ಬಿಟ್ಟು, ಗಾಡಿ ಹತ್ಕೊಂಡು ಮನೆಗೆ ಬಂದೆ. ಬುಧವಾರ ಹೋಗಿ ತಂದೆ."

"ಆವಲಪ್ಪನೋರು, ನೀನು ಸೋಮವಾರ ಸಂಜೆನೇ ಬಂದು ತಗೊಂಡು ಹೋದೆ ಅಂತಾರೆ."

"ಮಂಗಳವಾರವೆಲ್ಲ ಚಾಪೆ ಬಿಟ್ಟು ಎದ್ದಿಲ್ಲ ಸಾಮಿ. ನನ್ನ ಹೆಂಡ್ತೀನ ಕೇಳಿ."

ಹೆಂಡತಿಯ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ದೊಡ್ಡಮನೆಯ ಆವಲಪ್ಪ ಕಾಫಿ ಹೀರುತ್ತ ಹೇಳಿದ್ದನ್ನು ಮಾತ್ರ ಸಾಹೇಬರು ಅಕ್ಷರ ಬಿಡದೆ ಬರೆದುಕೊಂಡಿದ್ದರು.

ಮುನಿಶಾಮಿ ಎರ್ರಪ್ಪನನ್ನು ಅಂಗಳಕ್ಕೆ ಕರೆತಂದು ಸೈಕಲ್ಲು ಹತ್ತಿಸಿದ. "ಹಿಮ್ಮಡಿ ಪೆಡಲ್ ಮೇಲಿಡು. ಪೂರ್ತಿ ಕೆಳಕ್ಕೆ ತಳ್ಳು."

ಪೆಡಲ್ ತಳ ಮುಟ್ಟಿತು. ಎರ್ರಪ್ಪನ ಉದ್ದನೆಯ ಕಾಲು ಮಾತ್ರ ಇನ್ನೂ ಮಡಿಚಿಕೊಂಡೇ ಇತ್ತು.

ಮುನಿಶಾಮಿ ಸೀಟಿನ ಬೋಲ್ಟು ಸಡಿಲಿಸಿ, ಸೀಟಿನ ಕೊಳವೆಯನ್ನು ಮೇಲಕ್ಕೆಳೆದ. ಮೂರು ಬೆರಳು ಎದ್ದ ಮೇಲೆ ಅದರ ಸುತ್ತ ಒಂದು ಗೆರೆ ಕಂಡಿತು. ಗೆರೆಯ ಮೇಲೆ ವರ್ಷಗಳ ತುಕ್ಕು. ಕೆಳಗೆ ಹೊಳಪು. ಬೋಲ್ಟನ್ನೂ ನೋಡಿದ. ಹಸಿರು ಬಣ್ಣ ಕಿತ್ತು, ಹಲ್ಲು ಕಚ್ಚಿದ ಗುರುತುಗಳಿದ್ದವು. ಪೆಡಲಿನಿಂದ ಸೀಟಿಗೆ, ಸೈಕಲ್ಲು ಠಾಣೆಗೆ ಬಂದಾಗ ಇದ್ದ ತಗ್ಗಿದ ಎತ್ತರಕ್ಕೇ ಸೆಣಬಿನ ದಾರ ಹಿಡಿದು ಗಂಟು ಹಾಕಿಕೊಂಡ.

ಮರುದಿನ ದಿಬ್ಬೂರಹಳ್ಳಿಯಲ್ಲಿ ಆವಲಪ್ಪನ ಜಗಲಿಯ ಮೇಲೆ ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಮಹಜರಿಗೆ ಆವಲಪ್ಪನ ರುಜು ಬೇಕೆಂದು ಮುನಿಶಾಮಿಯೇ ಅವರನ್ನು ಹೊರಡಿಸಿದ್ದ. ಚಿಕ್ಕವೆಂಕಟಮ್ಮ ಅಂಗಳದಲ್ಲಿ ನಿಂತಿದ್ದಳು. ಅವಳಿಗೆ ಯಾರೂ ಕೂರಲು ಹೇಳಲಿಲ್ಲ. ದಾರಿಯಲ್ಲಿ ಎಂಜಿನ್ ಮನೆ ಹೊಕ್ಕು ಬಂದಿದ್ದ ಮುನಿಶಾಮಿಯ ಕಂಕುಳಲ್ಲಿ ಬಟ್ಟೆ ಸುತ್ತಿದ ಏನೋ ಇತ್ತು.

"ಮೊಟ್ಟೆ ಕೊಡೋರೇ ಹುಳ ಸಾಯಿಸಿದ್ರೆ ಏನು ಮಾಡಣ ಹೇಳಿ" ಎಂದ ಆವಲಪ್ಪ. ಗಿಡ್ಡ ಆಳು, ದೊಡ್ಡ ಪೇಟ. "ಆ ಜನಾನ ಒಳಗೆ ಬಿಟ್ಕೋಬೇಡಮ್ಮ ಅಂತ ಈಯಮ್ಮನಿಗೆ ನೂರು ಸಲ ಹೇಳಿದ್ದೆ."

"ನಡುಮನೇಲಿರೋ ಸೈಕಲ್ಲು ತಮ್ಮದಾ?" ಮುನಿಶಾಮಿ ಕೇಳಿದ.

"ನಮ್ಮದೇ. ನಾನು ಬಿಟ್ಟು ಇನ್ನೊಬ್ಬರು ಮುಟ್ಟಲ್ಲ."

ಮುನಿಶಾಮಿ ಒಳಹೋಗಿ ಆ ಸೈಕಲ್ಲಿನ ಪೆಡಲಿನಿಂದ ಸೀಟಿಗೆ ದಾರ ಹಿಡಿದ. ಗಂಟು ಸೀಟಿಗೆ ಸರಿಯಾಗಿ ಬಂತು.

"ಏನ್ರೀ ಅದು?" ಸಾಹೇಬರು ಗದರಿದರು.

"ಮಂಡಿನೋವಿನ ಮದ್ದು ಸಾರ್. ಹಿಮ್ಮಡಿ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು, ಅದು ಸರಿಯಾದ ಎತ್ತರ. ಸೀಟು ತಗ್ಗಿದರೆ ಮಂಡಿ ಜಾಸ್ತಿ ಮಡಿಚುತ್ತೆ, ಮುಂದಗಡೆ ನೋವು ಹಿಡಿಯುತ್ತೆ. ಎರ್ರಪ್ಪನಿಗೆ ಹಿಡಿದದ್ದು ಅದೇ. ಅವನು ಮಲಗಿದ್ದಾಗ ಅವನ ಸೀಟನ್ನು ಯಾರೋ ಗಿಡ್ಡ ಆಳು ಮೂರು ಬೆರಳು ಇಳಿಸಿದಾನೆ. ಎರ್ರಪ್ಪನೇ ಸವಾರಿ ಮಾಡಿದ್ದರೆ ತನ್ನ ಸೀಟು ತಾನೇ ಯಾಕೆ ಇಳಿಸ್ಕೊಂತಾನೆ?"

"ಈ ಊರಲ್ಲಿ ಗಿಡ್ಡ ಆಳು ನಾನೊಬ್ಬನೇನಾ?" ಆವಲಪ್ಪ ನಕ್ಕ.

"ಅಲ್ಲ." ಮುನಿಶಾಮಿ ಬಟ್ಟೆ ಬಿಚ್ಚಿದ. ಒಳಗೆ ಪೈಪು ತಿರುಗಿಸುವ ಹಲ್ಲಿನ ಸ್ಪ್ಯಾನರ್. "ಆದರೆ ಇಳಿಸಿದ ಎತ್ತರ ನಿಮ್ಮ ಸೀಟಿನ ಎತ್ತರಕ್ಕೇ ಸರಿ ಬಂತು, ಇದೂ ನಿಮ್ಮ ಎಂಜಿನ್ ಮನೇದು. ಬೀಗದ ಕೈ ನಿಮ್ಮ ಉಡುದಾರದಲ್ಲೇ ಇರುತ್ತೆ ಅಂತ ನಿಮ್ಮ ಆಳು ಕೊಂಡಪ್ಪನೇ ಹೇಳಿದ, ಇವತ್ತು ನಿಮ್ಮ ಹತ್ರ ಕೀಲಿ ಇಸ್ಕೊಂಡು ಬಂದು ಬಾಗಿಲು ತೆಗೆದಿದ್ದೂ ಅವನೇ. ಹಲ್ಲಲ್ಲಿ ಹಸಿರು ಬಣ್ಣ ನೋಡಿ. ಬೋಲ್ಟಿನ ಬಣ್ಣ. ಇಳಿಸೋಕೆ ಪುರುಸೊತ್ತಿತ್ತು. ತಿರುಗಿ ಏರಿಸೋಕೆ ಇರಲಿಲ್ಲ. ಯಾಕಿರುತ್ತೆ? ಮೊಟ್ಟೆ ಹಂಚೋನಿಗೆ ಮಂಡಿ ಇರುತ್ತೆ ಅಂತ ನಿಮಗೆ ಹೊಳೆಯಲೇ ಇಲ್ಲ."

ಸಾಹೇಬರ ಕೈಯಲ್ಲಿದ್ದ ಕಾಫಿ ಲೋಟ ನಿಧಾನವಾಗಿ ಕೆಳಗಿಳಿಯಿತು.

"ಯಾಕ್ರೀ ಮಾಡ್ತಾರೆ ಇವರು? ಇವರಿಗೇನು ಕಮ್ಮಿ?"

"ಹೋದ ವರ್ಷ ಶಿಡ್ಲಘಟ್ಟದಲ್ಲಿ ಗೂಡಿನ ಪ್ರದರ್ಶನ ಆಯ್ತಲ್ಲ ಸಾರ್. ಮೊದಲನೇ ಬಹುಮಾನ ಈಯಮ್ಮನಿಗೆ. ಎರಡನೇದು ಇವರಿಗೆ. ವೇದಿಕೆ ಮೇಲೆ ಈಯಮ್ಮನ ಹಿಂದೆ ನಿಲ್ಲಬೇಕಾಯ್ತು. ಅಷ್ಟೇ ಕಮ್ಮಿ."

ಆವಲಪ್ಪನ ಮುಖದ ನಗು ಹೋಯಿತು. ತಿರಸ್ಕಾರ ಹಾಗೇ ಉಳಿಯಿತು. ಅವನು ಮುನಿಶಾಮಿಯ ಕಡೆ ನೋಡಲೂ ಇಲ್ಲ. ಸಾಹೇಬರಿಗೆ ಹೇಳಿದ: "ನಾಲ್ಕು ತಟ್ಟೆ ಹುಳಕ್ಕೆ, ಒಂದು ಮುಂಡೆ ಹೆಂಗಸಿನ ಹುಳಕ್ಕೆ, ನನ್ನನ್ನ ಠಾಣೆಗೆ ಕರ್ಕೊಂಡು ಹೋಗ್ತೀರಾ?"

ಅಲ್ಲಗಳೆಯುವ ಬದಲು ಒಪ್ಪಿಕೊಂಡುಬಿಟ್ಟೆನೆಂದು ಅವನಿಗೆ ತಿಳಿದದ್ದು ಆಡಿದ ಮೇಲೆ. ಸಾಹೇಬರು ತಲೆ ತಗ್ಗಿಸಿ, ತಾವೇ ಬರೆದ ಹಾಳೆಯನ್ನು ಹರಿದು ಹೊಸ ಹಾಳೆ ತೆಗೆದರು.

ಚಿಕ್ಕವೆಂಕಟಮ್ಮ ಅಳಲಿಲ್ಲ, ಶಾಪ ಹಾಕಲಿಲ್ಲ. ಜಗಲಿಯ ಹತ್ತಿರ ಬಂದು ಅವನನ್ನು ಪೇಟದಿಂದ ಪಾದದವರೆಗೆ ಒಂದು ಸಲ ನೋಡಿದಳು.

"ಒಳ್ಳೆ ಗೂಡು ಹೆಂಗೆ ತೆಗೀಬೇಕು ಅಂತ ಬಂದು ಕೇಳಿದ್ರೆ ಹೇಳಿಕೊಡ್ತಿದ್ದೆ ಕಣಪ್ಪ" ಎಂದಳು. ಸೆರಗು ಕೊಡವಿ, ಹೊಸದಾಗಿ ಇಟ್ಟ ಹುಳುಗಳಿಗೆ ಸೊಪ್ಪು ಬಿಡಿಸುವ ಹೊತ್ತಾಯಿತೆಂದು ತೋಟದ ದಾರಿ ಹಿಡಿದಳು.