ಕೊನೆಯ ಅಂಕಿ

"ಹೆಸರು, ವಿಳಾಸ, ಫೋನ್ ನಂಬರ್ ಹೇಳಿ ಮೇಡಂ. ಇಲ್ಲಾಂದ್ರೆ ಜ್ವರದ ಮಾತ್ರೆ ಕೊಡೋ ಹಾಗಿಲ್ಲ."

ಮಾಸ್ಕಿನ ಮೇಲೆ ಕಾಣುತ್ತಿದ್ದ ಎರಡು ಕಣ್ಣುಗಳನ್ನು ಶಾಲಿನಿ ದುರುಗುಟ್ಟಿ ನೋಡಿದಳು. ಮಾತ್ರೆ ಮಾರುವವನಿಗೆ ನನ್ನ ನಂಬರ್ ಯಾಕೆ?

ಅವನು ವಿಷ್ಣು. ಗೊಟ್ಟಿಗೆರೆಯಲ್ಲಿ ಅವನದೊಂದು ಸಣ್ಣ ಮೆಡಿಕಲ್ ಸ್ಟೋರ್. ಕೊರೊನಾದ ಮೊದಲ ವರ್ಷದ ಜುಲೈ ತಿಂಗಳು. ಜ್ವರ, ಕೆಮ್ಮಿನ ಮಾತ್ರೆ ಕೊಂಡವರ ವಿವರ ಬರೆದುಕೊಂಡು ದಿನಾ ಸಂಜೆ ಸರ್ಕಾರಕ್ಕೆ ಕಳುಹಿಸಬೇಕೆಂದು ಹೊಸ ಆದೇಶ ಬಂದಿತ್ತು. ಆದೇಶ ಬರೆಯುವವರಿಗೇನು, ಸಹಿ ಹಾಕಿ ಕಾಫಿಗೆ ಹೋಗುತ್ತಾರೆ. ಬೈಸಿಕೊಳ್ಳುವವನು ಕೌಂಟರಿನ ಹಿಂದೆ ನಿಂತವನು.

ಜ್ವರ ಯಾರಿಗೆ ಎಂದು ಅವನು ಕೇಳಿದ. ನನಗೇ ಎಂದಳು.

ಸುಳ್ಳು. ಜ್ವರ ಬಂದದ್ದು ಅವಳ ಅಪ್ಪ ಚಿಕ್ಕಬೈರಪ್ಪನವರಿಗೆ. ಹಿಂದಿನ ವಾರ ಎದುರು ಮನೆಯವರನ್ನು ಆಂಬುಲೆನ್ಸಿಗೆ ತುಂಬಿಕೊಂಡು ಹೋಗಿ, ಯಾರೂ ಒಳಹೊರಗೆ ಓಡಾಡದಂತೆ ಆ ಮನೆಯ ಬಾಗಿಲಿಗೆ ತಗಡು ಹೊಡೆದದ್ದನ್ನು ಅವರು ಕಿಟಕಿಯಿಂದ ಕಂಡಿದ್ದರು. ನನ್ನನ್ನು ಹಾಗೆ ಕಳಿಸಬೇಡ ಎಂದು ಮಗಳ ಕೈ ಹಿಡಿದು ಬೇಡಿಕೊಂಡಿದ್ದರು. ತಾಯಿಯಿಲ್ಲದ ಶಾಲಿನಿಗೆ ಇದ್ದದ್ದು ಅವರೊಬ್ಬರೇ.

ಹೆಸರು ಶಾಲಿನಿ ಎಂದಳು. ವಿಳಾಸಕ್ಕೆ ಕೆರೆ ರಸ್ತೆ ಎಂದಷ್ಟೇ ಹೇಳಿದಳು. ಫೋನ್ ನಂಬರಿನ ಒಂಬತ್ತು ಅಂಕಿ ಸರಿಯಾಗಿ ಹೇಳಿ, ಹತ್ತನೆಯದನ್ನು ಬದಲಿಸಿದಳು. ಅವನು ಬರೆದುಕೊಂಡ.

"ಎರಡು ದಿನದಲ್ಲಿ ಕಡಿಮೆ ಆಗ್ಲಿಲ್ಲ ಅಂದ್ರೆ ನೇರ ಇಲ್ಲಿಗೇ ಬನ್ನಿ. ಆಕ್ಸಿಮೀಟರ್ ಇದೆ. ಡಾಕ್ಟರ್ ಹತ್ರ ಫೋನಲ್ಲೇ ಮಾತಾಡಿಸ್ತೀನಿ."

ಎಷ್ಟು ಮೆತ್ತಗಿನ ದನಿ... ಮನೆ ಮುಟ್ಟುವವರೆಗೂ ಅದು ಅವಳ ಕಿವಿಯಲ್ಲೇ ಇತ್ತು.

ಮೂರನೆಯ ದಿನ ಬೆಳಿಗ್ಗೆ ಅಪ್ಪನಿಗೆ ಉಸಿರು ಕಟ್ಟತೊಡಗಿತು. ಆಕ್ಸಿಮೀಟರ್ ತರಲು ಶಾಲಿನಿ ಓಡಿದಳು.

ಷಟರ್ ಎಳೆದಿತ್ತು!

ಎರಡೂ ಕೈಯಿಂದ ಬಡಿದಳು. ಅದಕ್ಕೆ ಅಂಟಿಸಿದ್ದ ಕಾಗದವನ್ನು ಓದುವಷ್ಟು ವ್ಯವಧಾನ ಅವಳಿಗಿರಲಿಲ್ಲ. ಹೇಡಿ... ರೋಗಕ್ಕೆ ಹೆದರಿ ಓಡಿದ್ದಾನೆ. ಬನ್ನಿ ಅಂತ ಯಾಕೆ ಹೇಳಬೇಕಿತ್ತು?

ಆಟೋದಲ್ಲಿ ಅಪ್ಪನನ್ನು ಕೂರಿಸಿಕೊಂಡು ಮೂರು ಆಸ್ಪತ್ರೆ ಸುತ್ತಿದಳು. ಎಲ್ಲಿಯೂ ಹಾಸಿಗೆ ಇರಲಿಲ್ಲ. ನಾಲ್ಕನೆಯದರ ಗೇಟಿನ ಮುಂದೆ ಅಪ್ಪ ಅವಳ ಹೆಗಲ ಮೇಲೆ ತಲೆಯಿಟ್ಟರು. ಮತ್ತೆ ಎತ್ತಲಿಲ್ಲ.

ಈಗ ಅವಳ ಮನೆಗೇ ತಗಡು ಬಂತು. ಹದಿನಾಲ್ಕು ದಿನ ಒಳಗೆ ಒಬ್ಬಳೇ. ಅಳು ಕೂಡ ಬರಲಿಲ್ಲ. ಆದರೆ ದಿನಾ ಬೆಳಿಗ್ಗೆ ತಗಡಿನ ಮೇಲಿಂದ ಒಂದು ಚೀಲ ಇಳಿದಿರುತ್ತಿತ್ತು. ಹಾಲು, ಬ್ರೆಡ್ಡು, ಒಂದೊಂದು ದಿನ ಬಾಳೆಹಣ್ಣು. ಹಿಂದಿನ ಮನೆಯಲ್ಲಿ ಬಾಡಿಗೆಗಿದ್ದ ಗೋವಿಂದಮ್ಮ ಇಡುತ್ತಿರಬೇಕೆಂದುಕೊಂಡಳು.

ಹದಿನೈದನೆಯ ದಿನ ತಗಡು ಕಿತ್ತರು. ಚೀಲ ಹಿಡಿದು ನಿಂತಿದ್ದವನು ವಿಷ್ಣು!

ಅವಳ ಮೈಯೆಲ್ಲ ಉರಿದುಹೋಯಿತು.

"ಅಂಗಡಿ ಮುಚ್ಕೊಂಡು ಓಡಿಹೋಗಿ, ಈಗ ನಮ್ಮಪ್ಪನಿಗೆ ಹಾಲುತುಪ್ಪ ಬಿಡೋಕೆ ಬಂದ್ರಾ?"

ಅವನು ಚೀಲವನ್ನು ಕಾಂಪೌಂಡಿನ ಮೇಲಿಟ್ಟು ಹೊರಟುಹೋದ. ಒಂದು ಮಾತಾದರೂ ತಿರುಗಿ ಆಡಬಾರದಿತ್ತೇ? ಬೈದವಳು ತಾನು, ನೋಯುತ್ತಿದ್ದದ್ದೂ ತನಗೇ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ದೂರದಲ್ಲೇ ನಿಂತಿದ್ದ ಗೋವಿಂದಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಗದರಿದಳು.

"ಆ ಹುಡುಗನ್ನ ಯಾಕವ್ವ ಹಂಗಂತೀಯ? ಯಾವ ಮನೆಹಾಳಿಯೋ ಸುಳ್ಳು ನಂಬರ್ ಕೊಟ್ಟು ಹೋಗವ್ಳೆ. ಸರ್ಕಾರದೋರು ಫೋನ್ ಮಾಡಿದ್ರೆ ಜಯನಗರದ ಯಾರೋ ಮುದುಕಪ್ಪ ಎತ್ಕೊಂಡ್ನಂತೆ. ಸುಳ್ಳು ಲೆಕ್ಕ ಬರೀತೀಯ ಅಂತ ಮಾರನೇ ದಿನವೇ ಬಂದು ಅಂಗಡಿ ಮುಚ್ಸಿ ಲೈಸೆನ್ಸ್ ಕಿತ್ಕೊಂಡ್ರು. ಅವಳ ನಾಲಿಗೆ ಸೇದೋಗ."

ಆ ಮನೆಹಾಳಿ ಶಾಲಿನಿಯೇ. ತಾನೇ ಮುಚ್ಚಿಸಿದ ಬಾಗಿಲನ್ನು ತಾನೇ ಬಡಿದಿದ್ದಳು...

ಸೋಮವಾರ ಆ ಸುಳ್ಳು ಲೆಕ್ಕದ ಬಗ್ಗೆ ವಿಷ್ಣುವಿನ ವಿಚಾರಣೆ ಇತ್ತು. ಅಲ್ಲಿ ತಪ್ಪು ಅವನದೇ ಎಂದಾದರೆ ಲೈಸೆನ್ಸ್ ಪೂರ್ತಿ ರದ್ದು. ಬಾಯಿ ಬಿಟ್ಟರೆ ನಿನ್ನ ಮೇಲೆ ಕೇಸು ಹಾಕುತ್ತಾರೆ, ಸುಮ್ಮನಿರು ಎಂದು ನೆಂಟರು ಫೋನಿನಲ್ಲಿ ಬುದ್ಧಿ ಹೇಳಿದರು. ಅಪ್ಪ ಸತ್ತಾಗ ಬಾರದವರ ಬುದ್ಧಿಮಾತು ಅವಳಿಗೆ ಬೇಕಿರಲಿಲ್ಲ. ಸೋಮವಾರ ಬಸ್ಸು ಹತ್ತಿ ವಿಚಾರಣೆ ನಡೆಯುವ ಜಯನಗರದ ಆಫೀಸಿಗೆ ಹೋಗಿ, ಸುಳ್ಳು ನನ್ನದು ಎಂದು ಬರೆದು ಸಹಿ ಹಾಕಿಕೊಟ್ಟಳು.

ಅಧಿಕಾರಿ ಓದಿ ಮುಖ ಗಂಟಿಕ್ಕಿದ. ವಿಷ್ಣುವಿಗೆ ಎಚ್ಚರಿಕೆ ಕೊಟ್ಟು ಲೈಸೆನ್ಸ್ ಹಿಂದಿರುಗಿಸುವುದಾಗಿ ಹೇಳಿದ. ಅವಳ ಮೇಲೆ ಕೇಸಾಗುತ್ತದೆ, ಕರೆದಾಗ ಬರಬೇಕು ಎಂದ. ಅವಳು ತಲೆಯಾಡಿಸಿದಳು.

ವಿಚಾರಣೆಗೆ ಬಂದಿದ್ದ ವಿಷ್ಣು ಮತ್ತು ಅವಳು ಹೊರಗೆ ವರಾಂಡದಲ್ಲಿ ಕುಳಿತರು. ಅಂತರಕ್ಕೆಂದು ನಡುವಿನ ಕುರ್ಚಿಗೆ ಕೆಂಪು ಟೇಪು ಹಚ್ಚಿದ್ದರು.

"ಬೇಕಂತಲೇ ತಪ್ಪು ಹೇಳಿದ್ದೆ," ಎಂದಳು.

"ಗೊತ್ತಿತ್ತು."

ಅವಳು ಬೆಚ್ಚಿ ತಿರುಗಿದಳು.

"ಅವರವರ ನಂಬರ್ ಎಲ್ರೂ ಒಂದೇ ಉಸಿರಿಗೆ ಹೇಳ್ತಾರೆ. ನೀವು ಕೊನೇಲಿ ತಡವರಿಸಿದ್ರಿ. ಮತ್ತೆ ಕೇಳಿದ್ರೆ ಮಾತ್ರೆ ಬಿಟ್ಟು ಹೋಗ್ಬಿಡ್ತೀರಾ ಅಂತ ಸುಮ್ಮನಾದೆ. ಗೊತ್ತಿದ್ದೂ ಬರೆದೋನು ನಾನು. ತಪ್ಪನ್ನ ನಿಮ್ಮ ಮೇಲೆ ಹೇಗೆ ಹಾಕ್ಲಿ?"

"ಅದಕ್ಕೇ ಹಾಲು ತಂದಿಡ್ತಿದ್ರಾ?"

"ಮೊದಲ ದಿನ ಅದಕ್ಕೇ, ಕೆರೆ ರಸ್ತೆಲಿ ನಿಮ್ಮ ಹೆಸರು ಹೇಳಿ ಮನೆ ಹುಡುಕ್ಕೊಂಡು ಬಂದೆ." ಅವನು ಕುರ್ಚಿಯ ಟೇಪಿನ ತುದಿಯನ್ನು ಉಗುರಿನಿಂದ ಕೆರೆದ. "ಆಮೇಲೆ... ಒಳಗಿಂದ ನೀವು ಕೆಮ್ಮೋದು ಕೇಳಿಸುತ್ತಾ ಅಂತ ತಗಡಿಗೆ ಕಿವಿ ಇಟ್ಟು ನಿಲ್ತಿದ್ದೆ. ಕೇಳಿಸಲಿಲ್ಲ ಅಂದ್ರೆ ಅವತ್ತು ಊಟ ಸೇರ್ತಿತ್ತು ನಂಗೆ."

ಶಾಲಿನಿ ಇಷ್ಟು ದಿನ ಯಾರನ್ನೂ ಕೇಳಲಾಗದ್ದನ್ನು ಕೇಳಿದಳು.

"ಸರಿಯಾದ ನಂಬರ್ ಕೊಟ್ಟಿದ್ರೆ ಅಪ್ಪ ಉಳೀತಿದ್ರಾ?"

ಆಯಸ್ಸು ಮುಗಿದಿತ್ತು, ನಿನ್ನ ತಪ್ಪಿಲ್ಲ ಎಂದು ಫೋನ್ ಮಾಡಿದವರೆಲ್ಲ ಹೇಳಿದ್ದರು. ಅವನೂ ಅದನ್ನೇ ಹೇಳಬಹುದಿತ್ತು.

"ಉಳೀತಿದ್ರೇನೋ, ಶಾಲಿನಿ. ಗೊತ್ತಿಲ್ಲ."

ಅಪ್ಪ ಹೋದ ಮೇಲೆ ಮೊದಲ ಸಲ ಅವಳು ಅತ್ತಳು. ಮಾಸ್ಕೆಲ್ಲ ಒದ್ದೆಯಾಗುವಷ್ಟು ಅತ್ತಳು. ಅವನು ನಡುವಿನ ಕುರ್ಚಿಯ ಮೇಲೆ ಅಂಗೈ ತೆರೆದಿಟ್ಟ. ಬಹಳ ಹೊತ್ತಿನ ಮೇಲೆ ಅವಳ ಕೈ ಅದರೊಳಗೆ ಸೇರಿತು.

"ಇದು ಜನ್ಮಪೂರ್ತಿ ಹೋಗಲ್ಲ ಅಲ್ವಾ?"

"ಹೋಗಲ್ಲ. ನಂಗೂ ಹೋಗಲ್ಲ."

"ಮತ್ತೆ ಹೇಗೆ ಬದುಕೋದು?"

"ಒಬ್ಬೊಬ್ರೇ ಆದ್ರೆ ಆಗಲ್ಲ. ಅಷ್ಟು ಗೊತ್ತು."

ಅವಳು ಆ ಕೈ ಬಿಡಲಿಲ್ಲ.

"ಮನೆಗೆ ಹೋಗೋಕೆ ಭಯ ಆಗುತ್ತೆ ವಿಷ್ಣು. ಅಲ್ಲಿ ಯಾರೂ ಇಲ್ಲ."

"ನಡೀರಿ," ಎಂದು ಅವನು ಎದ್ದ. "ನಾನು ಬರ್ತೀನಿ."